ಬೆಳ್ಳಿ ಪುಣ್ಯಾತ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಹನ ರಿಪೇರಿಯ ಗ್ಯಾರೇಜೊಂದರ ಹಿಂಬದಿಯ ಗೋಡೆಗೆ ಮುಖ ಮಾಡಿ ಮಹಿಳೆಯೊಬ್ಬರು ನಿಂತಿದ್ದಾರೆ. ಕಾಲ ಬಳಿ ಬಣ್ಣದ ಡಬ್ಬಿಗಳು, ಒಂದು ಬಕೆಟ್ ನೀರು. ಅಂಗೈ ಅಗಲದ ಬ್ರಷ್ಷನ್ನು ಅದ್ದಿ, ಮೊಣಕೈ ಮಡಚದೆ, ಭುಜದಿಂದಲೇ ತೋಳು ಬೀಸಿ ಗೋಡೆಯ ಮೇಲೆ ದೊಡ್ಡದೊಂದು ಬಾಗು ಎಳೆಯುತ್ತಾರೆ. ಅದರ ಹೊಟ್ಟೆಗೆ ಒರಗಿದಂತೆ ಇನ್ನೊಂದು. ಹಳೆಯ ಟೈರುಗಳ ರಾಶಿ ಬೆನ್ನಿಗೆ ತಾಗುವವರೆಗೂ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ‘ಇದು ಕುಡಿದವರ ಥರ ನಿಂತಿದೆ’ ಎಂದು ತಮಗೆ ತಾವೇ ಹೇಳಿಕೊಂಡು, ಕೊನೆಯ ಅಕ್ಷರದ ಕಾಲನ್ನು ತುಸು ದಪ್ಪ ಮಾಡುತ್ತಾರೆ.

ಗೋಡೆಯ ಮೇಲಿರುವುದು ಮುಂದಿನ ವಾರ ಬಿಡುಗಡೆಯಾಗಲಿರುವ ಒಂದು ಹಿಪ್‌ಹಾಪ್ ಹಾಡಿನ ಹೆಸರು. ಬಿಸಿಲು ಶೆಡ್ಡಿನ ತಗಡು ದಾಟಿ ಬರುವ ಮುಂಚೆ ಅದರ ಫೋಟೊ ಆಗಬೇಕು. ನೇರ ಬಿಸಿಲು ಬಿದ್ದರೆ ಗಾರೆಯ ಒಂದೊಂದು ಉಬ್ಬೂ ತನ್ನ ನೆರಳು ಚೆಲ್ಲುತ್ತದೆ, ಅಕ್ಷರದ ಅಂಚನ್ನು ಯಾರೋ ಕಚ್ಚಿ ತಿಂದಂತೆ ಕಾಣುತ್ತದೆ. ಮುಂಜಾನೆಯ ಬೆಳಕು ಎಲ್ಲ ಕಡೆಯಿಂದಲೂ ಚದುರಿ ಬರುವುದರಿಂದ ಆ ತೊಂದರೆ ಇಲ್ಲ. ಕ್ಯಾಮೆರಾವನ್ನು ಟೈರುಗಳ ಮೇಲೆ ಕೂರಿಸಿ ಕೆಲವು ಚಿತ್ರ ತೆಗೆದುಕೊಂಡ ಮೇಲೆ ಅವರು ಮಾಡುವ ಕೆಲಸ ಹೊಸಬರಿಗೆ ವಿಚಿತ್ರವೆನಿಸಬಹುದು. ಪೊರಕೆ ತೆಗೆದುಕೊಂಡು, ನೀರು ಎರಚಿ, ಈಗಷ್ಟೇ ಬರೆದದ್ದನ್ನು ಪೂರ್ತಿ ತೊಳೆದುಹಾಕುತ್ತಾರೆ. ಬಳಸುವುದು ಸೀಮೆಸುಣ್ಣದ ಪುಡಿ, ಬಣ್ಣದ ಪುಡಿ, ಚೂರು ಅಂಟು. ನೀರು ಬಿದ್ದರೆ ಸಾಕು, ಇಳಿದುಹೋಗುತ್ತದೆ.

ಗ್ಯಾರೇಜಿನ ಯಜಮಾನರು ಬೀಗ ತೆಗೆಯಲು ಬರುವುದು ಸರಿಯಾಗಿ ಈ ಹೊತ್ತಿಗೆ. ಪೈಪ್ ಬಿಟ್ಟು ತೊಳೆಸ್ತೀನಿ, ನೀವ್ಯಾಕೆ ಬಗ್ಗಿ ತಿಕ್ಕಬೇಕು ಎಂದು ಅವರು ಎಷ್ಟೋ ಸಲ ಹೇಳಿ ಸೋತಿದ್ದಾರೆ. ‘ಬರೆಯೋರು ಇವರೇ, ಅಳಿಸೋರೂ ಇವರೇ. ಮಧ್ಯದಲ್ಲಿ ನನಗೇನು ಲಾಭ ಅಂದ್ರೆ, ಈ ಬೀದೀಲಿ ನನ್ನ ಗೋಡೆಯಷ್ಟು ಚೊಕ್ಕ ಗೋಡೆ ಇನ್ನೊಂದಿಲ್ಲ’ ಎನ್ನುತ್ತಾರೆ.

ಹಾಡುವ ಹುಡುಗ ಹುಡುಗಿಯರಿಗೆ ಇವರು ‘ಗೀಚಕ್ಕ’. ಓರಗೆಯವರಿಗೆ ಬರೀ ‘ಗೀಚು’. ಈ ಊರಿನ ಹಿಪ್‌ಹಾಪ್ ಹಾಡುಗಳ ಮುಖಪುಟ, ಪೋಸ್ಟರು, ಟೀಶರ್ಟು, ವೇದಿಕೆಯ ಹಿಂದಿನ ಪರದೆ, ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವರ ಕೈಯಿಂದ ಹೊರಟವು. ಆದರೂ ಹೆಸರು ಕೇಳಿದವರು ಕಡಿಮೆ. ಹಾಡು ಹಾಕುವ ಆ್ಯಪ್‌ಗಳಲ್ಲಿ ಹಾಡಿದವರಿಗೆ ಜಾಗವಿದೆ, ಬರೆದವರಿಗೆ, ಸಂಗೀತ ಕೂಡಿಸಿದವರಿಗೆ ಜಾಗವಿದೆ. ಚಿತ್ರ ಮಾಡಿದವರಿಗೆ ಖಾನೆಯೇ ಇಲ್ಲ. ಅದರ ಬಗ್ಗೆ ಕೇಳಿದರೆ ಅವರು ಭುಜ ಹಾರಿಸುತ್ತಾರೆ.

ಲಾಂಡ್ರಿಯೊಂದರ ಮೇಲಿನ ಕೋಣೆ ಅವರ ಕಚೇರಿ. ಕೆಳಗೆ ಇಸ್ತ್ರಿ ಶುರುವಾದರೆ ಮೇಲಿನ ನೆಲ ಬೆಚ್ಚಗಾಗುತ್ತದೆ. ಬೆಳಗಿನ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ, ಗೋಡೆಯನ್ನು ಕತ್ತರಿಸಿ ತೆಗೆದು, ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಅದರ ಸುತ್ತ ಕಟ್ಟುತ್ತಾರೆ. ಮೌಸ್ ಹಿಡಿದು ನೇರವಾಗಿ ಬರೆಯಬಹುದಲ್ಲ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ. ‘ಮಣಿಕಟ್ಟಿಂದ ಬರೆದ ಗೆರೆ ಮಣಿಕಟ್ಟಿನಷ್ಟೇ ಇರುತ್ತೆ. ಇಡೀ ಮೈಯಿಂದ ಎಳೆದ ಗೆರೆ ಚಿಕ್ಕದು ಮಾಡಿದ್ರೂ ದೊಡ್ಡದಾಗೇ ಕಾಣುತ್ತೆ’ ಎನ್ನುವುದು ಅವರ ವಾದ. ಈಗಿನ ಮುಖಪುಟಗಳ ಗತಿ ಮೊಬೈಲ್ ಪರದೆಯ ಮೇಲೆ ಹೆಬ್ಬೆರಳ ಉಗುರಿನಷ್ಟಾಗುವುದು. ಅದಕ್ಕೂ ಒಂದು ಪರೀಕ್ಷೆ ಇಟ್ಟುಕೊಂಡಿದ್ದಾರೆ. ಮುಗಿದ ಚಿತ್ರವನ್ನು ಫೋನಿಗೆ ಹಾಕಿ, ಫೋನನ್ನು ನೆಲದ ಮೇಲಿಟ್ಟು, ನಿಂತು ನೋಡುತ್ತಾರೆ. ನಿಂತಲ್ಲಿಂದ ಹೆಸರು ಓದಲು ಬಂದರೆ ಪಾಸು. ಬಾರದಿದ್ದರೆ ಮರುದಿನ ಮತ್ತೆ ಗೋಡೆ.

ಈ ಲೇಖನಕ್ಕೆ ಮಾತಾಡಲು ಒಪ್ಪುವಾಗ ಗೀಚು ಹಾಕಿದ ಷರತ್ತು ಒಂದೇ. ‘ರೈಲಿನ ವಿಷಯ ಬೇಡ. ಅಮ್ಮ ಪೇಪರ್ ಓದ್ತಾರೆ. ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದ್ತಾರೆ.’ ಒಂದು ಕಾಲದಲ್ಲಿ ಗೋಡೆಗಳ ಮೇಲೆ ಬರೆಯುತ್ತಿದ್ದೆ, ಪೊಲೀಸರ ಭಯವಾಗಿ ಬಿಟ್ಟೆ, ಆಮೇಲೆ ಈ ಕೆಲಸಕ್ಕೆ ಬಂದೆ, ಇಷ್ಟು ಬರೆದರೆ ಸಾಕು ಎಂದರು. ಗೆಳೆಯರಿಗೂ ಅವರು ಹೇಳುತ್ತ ಬಂದದ್ದು ಇಷ್ಟೇ. ಷರತ್ತನ್ನು ಅವರೇ ಹಿಂದಕ್ಕೆ ಪಡೆದದ್ದು ಎರಡು ವಾರದ ನಂತರ. ಹಾಗಾಗಿ ಇಲ್ಲಿಂದ ಮುಂದೆ ಬರೆದಿರುವುದು ಅವರ ಒಪ್ಪಿಗೆಯಿಂದ, ಅವರ ತಾಯಿಯ ಒಪ್ಪಿಗೆಯಿಂದ ಕೂಡ.

ತಂದೆ ತೀರಿಕೊಂಡಾಗ ಗೀಚು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದರು. ತಾಯಿ ರೈಲು ಡಿಪೊದಲ್ಲಿ ಬೋಗಿ ಗುಡಿಸುವ ಕೆಲಸಕ್ಕೆ ಸೇರಿದರು. ಮಗಳು ಶಾಲೆಯಲ್ಲಿ ಸಿಕ್ಕಿದ್ದರ ಮೇಲೆಲ್ಲ ಬರೆಯುವ ಹುಡುಗಿ. ಪಕ್ಕದ ಬೆಂಚಿನ ಹುಡುಗನ ಪುಸ್ತಕದ ರಟ್ಟು ಹಾಳು ಮಾಡಿದ್ದಕ್ಕೆ ಅವನು ಇಟ್ಟ ಹೆಸರೇ ‘ಗೀಚು’. ಅವನಿಗೆ ಸದಾ ಮಾತು, ಅದೂ ಎತ್ತರದ ದನಿಯಲ್ಲಿ. ಅವನ ಹೆಸರು ‘ಗಂಟಲು’ ಎಂದಾಯಿತು. ಇಬ್ಬರೂ ಹದಿನಾರು ಹದಿನೇಳು ಮುಟ್ಟುವ ಹೊತ್ತಿಗೆ ಗಂಟಲು ತಾಳಕ್ಕೆ ಮಾತು ಕಟ್ಟಿ ಹಾಡತೊಡಗಿದ್ದ, ಗೀಚು ಸ್ಪ್ರೇ ಡಬ್ಬಿ ಹಿಡಿದಿದ್ದರು. ಗ್ರಾಫಿಟಿ ಬರೆಯುವ ಸಣ್ಣ ಗುಂಪೊಂದು ಇತ್ತು, ಅದರಲ್ಲಿ ಹುಡುಗಿ ಇವರೊಬ್ಬರೇ. ಪಂದ್ಯ ಇದ್ದದ್ದು ಒಂದೇ ವಿಷಯಕ್ಕೆ: ಯಾರ ಹೆಸರು ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ.

‘ಗೋಡೆ ಅನ್ನೋದು ನಿಂತಲ್ಲೇ ನಿಂತಿರುತ್ತೆ. ಅದನ್ನ ನೋಡೋಕೆ ಜನ ಅಲ್ಲಿಗೇ ಬರಬೇಕು. ರೈಲು ಹಾಗಲ್ಲ. ನಮ್ಮ ಹೆಸರು ಬೆನ್ನ ಮೇಲೆ ಹೊತ್ಕೊಂಡು ಊರೆಲ್ಲ ತಿರುಗಿಸ್ಕೊಂಡು ಬರುತ್ತೆ’ ಎಂದು ಹೇಳುವಾಗ ಈಗಲೂ ಅವರ ಕಣ್ಣು ಒಂದು ಕ್ಷಣ ಹೊಳೆಯುತ್ತದೆ. ಡಿಪೊದ ಹೊರಗೆ, ಸರದಿಗೆ ಕಾದು ನಿಂತಿರುವ ಬೋಗಿಗಳ ಮೇಲೆ ಬೆಳ್ಳಿ ಬಣ್ಣದಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು. ಬೆಳ್ಳಿ ಅಗ್ಗ, ಒಂದೇ ಕೈಗೆ ಅಡಿಯ ಬಣ್ಣವನ್ನು ಮುಚ್ಚುತ್ತದೆ, ದೂರಕ್ಕೆ ಮಿನುಗುತ್ತದೆ. ಅಕ್ಷರಗಳನ್ನು ಒಂದರೊಳಗೊಂದು ಹೆಣೆದು, ಮೂಲೆಗಳನ್ನು ಬಾಣದಂತೆ ಚಾಚಿ, ಗುಂಪಿನವರ ಹೊರತು ಬೇರೆ ಯಾರಿಗೂ ಓದಲಾಗದಂತೆ ಬರೆಯುವುದೇ ಆಗಿನ ಹೆಚ್ಚುಗಾರಿಕೆ.

ತಾಯಿ ಕೆಲಸ ಮಾಡುವುದು ಅದೇ ಡಿಪೊದಲ್ಲಿ. ಗೊತ್ತಿದ್ದೂ ಮಗಳು ಹಾಗೇಕೆ ಮಾಡಿದಳು ಎಂದು ಯಾರಾದರೂ ಕೇಳಬಹುದು. ಉತ್ತರ ಸರಳ. ಡಿಪೊದಲ್ಲಿ ರೈಲು ತೊಳೆಯುವ ದೊಡ್ಡ ಯಂತ್ರವಿದೆ, ಬೋಗಿ ಅದರೊಳಗೆ ಹೋದರೆ ಎರಡೂ ಕಡೆಯಿಂದ ಉರುಳುವ ಬ್ರಷ್ಷುಗಳು ತಿಕ್ಕಿ ಕಳಿಸುತ್ತವೆ ಎಂಬ ಕತೆಯನ್ನು ಅವರು ಚಿಕ್ಕಂದಿನಲ್ಲಿ ಅಮ್ಮನ ಬಾಯಿಂದಲೇ ಕೇಳಿ ಬೆರಗಾಗಿದ್ದರು. ಅಮ್ಮನ ಕೆಲಸ ಬೋಗಿಯ ಒಳಗೆ, ಪೊರಕೆ ಮತ್ತು ಒರೆಸುವ ಬಟ್ಟೆಯೊಂದಿಗೆ. ಹೊರಗಿನದೆಲ್ಲ ಯಂತ್ರದ ಪಾಲು. ಯಂತ್ರ ಧೂಳು ತೊಳೆಯುತ್ತದೆ, ಬಣ್ಣ ತೊಳೆಯುವುದಿಲ್ಲ ಎಂಬುದನ್ನು ಅಮ್ಮ ಹೇಳಿರಲಿಲ್ಲ, ಮಗಳು ಕೇಳಿರಲಿಲ್ಲ.

ಒಂದು ದಿನ ಅಮ್ಮ ಊಟದ ಡಬ್ಬಿ ಮನೆಯಲ್ಲೇ ಮರೆತು ಹೋದರು. ಮಗಳು ತೆಗೆದುಕೊಂಡು ಹೋದಳು. ಗೇಟಿನವನು, ಆ ಕೊನೆಯ ಸಾಲಲ್ಲಿದ್ದಾರೆ ಹೋಗಿ ನೋಡು ಎಂದ. ಕೊನೆಯ ಸಾಲಿನಲ್ಲಿ, ಹಲಗೆಯೊಂದರ ಮೇಲೆ ನಿಂತು, ಬಟ್ಟೆಯ ಉಂಡೆಯನ್ನು ಥಿನ್ನರಿನಲ್ಲಿ ಅದ್ದಿ ಅದ್ದಿ ಅಮ್ಮ ಉಜ್ಜುತ್ತಿದ್ದರು. ಅರ್ಧ ಅಳಿದಿದ್ದ ಅಕ್ಷರ ಮಗಳದೇ.

ಬೆಳ್ಳಿ ಬಣ್ಣದ ಕಷ್ಟ ಅದನ್ನು ತೊಳೆದವರಿಗೇ ಗೊತ್ತು. ಅದರಲ್ಲಿ ಇರುವುದು ಅಲ್ಯೂಮಿನಿಯಮ್ಮಿನ ಅತಿ ಸಣ್ಣ ಚಕ್ಕೆಗಳು. ಥಿನ್ನರು ಕರಗಿಸುವುದು ಆ ಚಕ್ಕೆಗಳನ್ನು ಹಿಡಿದಿಟ್ಟ ಅಂಟನ್ನು ಮಾತ್ರ. ಚಕ್ಕೆಗಳು ಬಿಡುಗಡೆಯಾಗಿ, ಒರೆಸಿದಷ್ಟೂ ಹರಡಿಕೊಂಡು, ಬೋಗಿಯ ಗೀರುಗಳಲ್ಲಿ ಹೋಗಿ ಕೂರುತ್ತವೆ. ಅದೇ ಥಿನ್ನರಿಗೆ ರಬ್ಬರ್ ಗ್ಲೌಸು ಉಬ್ಬಿ ಸಡಿಲವಾಗಿ ಜಾರುತ್ತದೆ. ಹಾಗಾಗಿ ಅಮ್ಮ ಗ್ಲೌಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗೈಯಲ್ಲೇ ಉಜ್ಜುತ್ತಿದ್ದರು. ಮಗಳನ್ನು ಕಂಡ ಕೂಡಲೇ ಅವರು ಮಾಡಿದ ಮೊದಲ ಕೆಲಸ ಆ ಗ್ಲೌಸು ಹಾಕಿಕೊಂಡದ್ದು. ಕೈಗಳು ಯಾಕೆ ಹೀಗೆ ಒಡೆದಿವೆ ಎಂದು ಮನೆಯಲ್ಲಿ ಕೇಳಿದಾಗೆಲ್ಲ ಅವರು ಸೋಪಿನ ಪುಡಿಯ ಮೇಲೆ ತಪ್ಪು ಹೊರಿಸುತ್ತಿದ್ದರು.

‘ಡಬ್ಬಿ ಅಲ್ಲೇ ಇಡು, ಇಲ್ಲೆಲ್ಲ ವಾಸನೆ ಅಂದ್ರು. ಆಮೇಲೆ ಬೋಗಿ ಕಡೆ ಕೈ ತೋರಿಸಿ, ನೋಡು, ಯಾರೋ ಪುಣ್ಯಾತ್ಮ ನನಗೆ ಕೆಲಸ ಕೊಟ್ಟು ಹೋಗಿದ್ದಾನೆ ಅಂದ್ರು. ನಗ್ತಾನೇ ಅಂದ್ರು’ ಎನ್ನುತ್ತಾರೆ ಗೀಚು.

ಆ ದಿನದ ನಂತರ ಅವರು ಸ್ಪ್ರೇ ಡಬ್ಬಿ ಮುಟ್ಟಲಿಲ್ಲ. ಗುಂಪಿನವರು ಹೆದರುಪುಕ್ಕಲಿ ಎಂದು ಆಡಿಕೊಂಡರು, ಪೊಲೀಸ್ ಜೀಪಿನ ಸದ್ದು ಮಾಡಿ ಛೇಡಿಸಿದರು. ಹೌದು, ಹೆದರಿದೆ ಎಂದು ಇವರೂ ಒಪ್ಪಿಕೊಂಡರು. ನಿಜ ಹೇಳಿದರೆ ಅದು ಗಂಟಲಿನ ಬಾಯಿಂದ ಊರಿಗೆಲ್ಲ ಹರಡುತ್ತಿತ್ತು, ಡಿಪೊಗೂ ಮುಟ್ಟುತ್ತಿತ್ತು, ಅಮ್ಮನ ಕೆಲಸ ಹೋಗುತ್ತಿತ್ತು.

ಆದರೆ ಕೈ ಸುಮ್ಮನಿರಬೇಕಲ್ಲ. ಕಾಗದದ ಮೇಲೆ ಬರೆಯತೊಡಗಿದರು. ಅಷ್ಟರಲ್ಲಿ ಗಂಟಲು ತನ್ನ ಮೊದಲ ಕ್ಯಾಸೆಟ್ ಮಾಡಿಸಲು ಹೊರಟಿದ್ದ. ಮುಖಪುಟಕ್ಕೆ ಗೀಚು ಅವನ ಹೆಸರನ್ನು ರೈಲಿನ ಶೈಲಿಯಲ್ಲೇ, ಗಂಟು ಗಂಟಾಗಿ ಹೆಣೆದುಕೊಟ್ಟರು. ಅಂಗಡಿಯವನು ಕ್ಯಾಸೆಟ್ಟುಗಳನ್ನು ಎದುರಿನ ಗಾಜಿನಲ್ಲಿ ತಲೆಕೆಳಗಾಗಿ ಜೋಡಿಸಿಟ್ಟ. ದಿನಕ್ಕೆರಡು ಸಲ ಹೋಗಿ ನೋಡಿ ಬರುತ್ತಿದ್ದ ಗಂಟಲಿಗೂ ಅದು ಗೊತ್ತಾಗಲಿಲ್ಲ. ‘ನನ್ನ ಹೆಸರೇ ಉಲ್ಟಾ ನಿಂತಿತ್ತು, ನಾನು ಅದರ ಮುಂದೆ ನಿಂತು ಖುಷಿ ಪಡ್ತಾ ಇದ್ದೆ. ಅಂಥಾ ಆರ್ಟಿಸ್ಟು ಇವಳು’ ಎಂದು ಈಗ ಸಂಗೀತ ಶಾಲೆ ನಡೆಸುವ ಗಂಟಲು ಯಾವ ಮುಲಾಜೂ ಇಲ್ಲದೆ ಹೇಳುತ್ತಾರೆ.

ಓದಲು ಬಾರದ ಅಕ್ಷರ ಯಾರಿಗೂ ಉಪಯೋಗವಿಲ್ಲ ಎಂಬ ಪಾಠ ಅಲ್ಲಿ ಆಯಿತು. ಮುಂದಿನದನ್ನು ಒಂದು ಮುದ್ರಣಾಲಯ ಕಲಿಸಿತು. ಕಾಗದ ಜೋಡಿಸಲು ಸೇರಿದವರು, ಪುಟ ವಿನ್ಯಾಸ ಮಾಡುವ ಹಿರಿಯರೊಬ್ಬರ ಬೆನ್ನ ಹಿಂದೆ ನಿಂತು ನಿಂತು ಕಂಪ್ಯೂಟರ್ ಕಲಿತರು. ತೆಳು ಕಾಗದದ ಮೇಲೆ ಮಸಿ ಹರಡುತ್ತದೆ, ಆದ್ದರಿಂದ ಅಕ್ಷರದ ಒಳಗಿನ ಖಾಲಿ ಜಾಗವನ್ನು ಮೊದಲೇ ದೊಡ್ಡದಾಗಿ ಬಿಡಬೇಕು ಎಂದು ಹೇಳಿಕೊಟ್ಟವರು ಆ ಹಿರಿಯರೇ. ಇವಳ ಅಕ್ಷರಗಳಿಗೆ ಉಸಿರಾಡೋಕೆ ಜಾಗ ಇಲ್ಲ ಎಂದು ದಿನಾ ಗೊಣಗುತ್ತಿದ್ದ ಅವರೇ, ಕೊನೆಗೊಂದು ದಿನ ತಮ್ಮ ಕುರ್ಚಿಯಿಂದ ಎದ್ದು, ಕೂತ್ಕೊ, ನೀನೇ ಮಾಡು ಎಂದರಂತೆ. ಮುದ್ರಣಾಲಯ ಮುಚ್ಚಿದ ಮೇಲೆ ಹಾಡುಗಾರರು ಒಬ್ಬರ ಹಿಂದೊಬ್ಬರು ಬಂದರು. ಗ್ಯಾರೇಜಿನ ಗೋಡೆ ಸಿಕ್ಕಿತು. ಬಣ್ಣ ತೊಳೆದರೆ ಹೋಗುವಂಥದ್ದಾಗಿರಬೇಕು, ತೊಳೆಯುವ ಕೈ ತಮ್ಮದೇ ಆಗಿರಬೇಕು, ಈ ಎರಡು ನೇಮಗಳನ್ನು ಅವರು ತಮಗೆ ತಾವೇ ಹಾಕಿಕೊಂಡರು. ಬೆಳ್ಳಿ ಬಣ್ಣ ಬೇಕೆಂದು ಯಾರಾದರೂ ಕೇಳಿದರೆ, ಪ್ರಿಂಟಿನಲ್ಲಿ ಚೆನ್ನಾಗಿ ಬರೋದಿಲ್ಲ ಎಂದು ಹೇಳಿ ಬೇರೆ ಬಣ್ಣಕ್ಕೆ ಒಪ್ಪಿಸುತ್ತಾರೆ.

ಇತ್ತ ಮನೆಯಲ್ಲಿ ‘ಪುಣ್ಯಾತ್ಮ’ ಬೆಳೆಯುತ್ತಲೇ ಇದ್ದ. ಬೆಳ್ಳಿ ಬಣ್ಣದವನು ಇದ್ದಕ್ಕಿದ್ದಂತೆ ಬರೆಯುವುದನ್ನು ನಿಲ್ಲಿಸಿದರೂ ಅಮ್ಮ ಅವನನ್ನು ಮರೆಯಲಿಲ್ಲ. ಚಳಿಗಾಲದಲ್ಲಿ ಬೆರಳು ಒಡೆದು ಉರಿದಾಗ, ಸೂಜಿಗೆ ದಾರ ಪೋಣಿಸಲು ಆಗದಿದ್ದಾಗ, ಬೀದಿಯಲ್ಲಿ ಯಾರದೋ ಗೋಡೆಯ ಮೇಲೆ ಬಣ್ಣ ಕಂಡಾಗ, ಅವನಿಗೆ ತಪ್ಪದೆ ಮಂಗಳಾರತಿ. ಅವನ ಕೈ ಸೇದಿಹೋಗ. ಅವನ ಮನೆ ಗೋಡೆ ಮೇಲೂ ಯಾರಾದರೂ ಬರೆಯಲಿ. ಅವನಿಗೆ ಒಂದು ಮಗಳು ಹುಟ್ಟಿ ಅವಳು ಅವನ ಷರಟಿನ ಮೇಲೆ ಬರೆಯಲಿ. ಮೊದಮೊದಲು ಅಮ್ಮನ ಕೆಲಸ ಹೋದೀತೆಂಬ ಭಯಕ್ಕೆ ಗೀಚು ಬಾಯಿ ಬಿಟ್ಟಿರಲಿಲ್ಲ. ಅಮ್ಮ ನಿವೃತ್ತರಾದ ಮೇಲೆ ಆ ಭಯ ಹೋಯಿತು, ಆದರೆ ಅಷ್ಟರಲ್ಲಿ ಪುಣ್ಯಾತ್ಮ ಮನೆಯವರಲ್ಲಿ ಒಬ್ಬನಾಗಿಬಿಟ್ಟಿದ್ದ. ಅಮ್ಮ ಮಗಳು ಇಬ್ಬರೇ ಇರುವ ಮನೆಯಲ್ಲಿ ಅವನು ಮೂರನೆಯವನು. ಅವನ ಹೆಸರೆತ್ತಿದಾಗೆಲ್ಲ ಮಗಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

‘ಒಂದು ಸುಳ್ಳಾಗಿದ್ರೆ ಒಪ್ಕೊಂಡು ಬಿಡಬಹುದಿತ್ತು. ನಾನು ಹೇಳಿದ ಸುಳ್ಳಲ್ಲ ಅದು, ನಾನು ಆಡದೇ ಇದ್ದ ಮಾತು. ಅಮ್ಮ ಬೈದಾಗೆಲ್ಲ ಅದಕ್ಕೆ ಇನ್ನೊಂದು ಪದರ ಕೂಡ್ಕೋತಾ ಹೋಯ್ತು’ ಎನ್ನುತ್ತಾರೆ ಗೀಚು. ಈ ವಯಸ್ಸಿನಲ್ಲಿ, ಇಷ್ಟು ವರ್ಷ ಎದುರಿಗೆ ಕೂತು ಕೇಳಿಸಿಕೊಂಡವಳು ನೀನೇನಾ ಎಂದು ಅಮ್ಮ ಮುಖ ತಿರುಗಿಸಿದರೆ ತಮಗೆ ಬೇರೆ ಮನೆಯಿಲ್ಲ, ಅಮ್ಮನಿಗೂ ಇಲ್ಲ. ಅದು ಅವರ ನಿಜವಾದ ಹೆದರಿಕೆ.

ಪತ್ರಿಕೆಗೆ ಮಾತಾಡಿದ ಮೇಲೆ ಅವರಿಗೆ ನಿದ್ದೆ ಬರಲಿಲ್ಲ. ರೈಲು ಬಿಟ್ಟು ತಮ್ಮ ಕತೆ ಹೇಳಿದಾಗ ಅದು ಬೇರೆ ಯಾರದೋ ಕತೆಯಂತೆ ಕೇಳಿಸಿತಂತೆ. ಒಂದು ಭಾನುವಾರ ಅಮ್ಮ ಬಟಾಣಿ ಸುಲಿಯುತ್ತ ಕೂತಿದ್ದರು. ಮಗಳು ಎದುರು ಕೂತು, ತಾನೂ ಒಂದು ಹಿಡಿ ತೆಗೆದುಕೊಂಡು, ಹೇಳಿಬಿಟ್ಟರು.

‘ಅಮ್ಮ, ಆ ಬೆಳ್ಳಿ ಪುಣ್ಯಾತ್ಮ ನಾನೇ.’

ಅಮ್ಮ ಸುಲಿಯುತ್ತಲೇ ಇದ್ದರು. ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೇಳಿದರು: ‘ನೀನಾಗ ಇಷ್ಟೇ ಇಷ್ಟು ಇದ್ದೆ. ಅಷ್ಟು ಮೇಲಕ್ಕೆ ಹೆಂಗೆ ಕೈ ಎಟುಕಿತು?’

ಗಂಟಲಿನ ಹೆಗಲ ಮೇಲೆ ಹತ್ತಿ ನಿಲ್ಲುತ್ತಿದ್ದೆ ಎಂದು ಮಗಳು ಒಪ್ಪಿಕೊಂಡರು. ಅಮ್ಮನಿಗೆ ಸಿಟ್ಟು ಬಂದದ್ದು ಆಗ. ‘ಅವನೂ ಇದ್ದನಾ. ವಾರಕ್ಕೆ ನಾಲ್ಕು ದಿನ ನಮ್ಮನೇಲಿ ಉಂಡ್ಕೊಂಡು, ಅಮ್ಮ ಇನ್ನೊಂಚೂರು ಹಾಕಿ ಅಂತಿದ್ದ. ಒಡೆದ ಕೈಯಲ್ಲೇ ಬಡಿಸ್ತಿದ್ದೆನಲ್ಲೇ ಅವನಿಗೆ.’ ಆ ಕ್ಷಣವೇ ಫೋನ್ ಹಚ್ಚಿಸಿ ಗಂಟಲಿಗೆ ಒಂದು ಸುತ್ತು ಬೈಗುಳ ಆಯಿತು. ಹುಟ್ಟಿದಾಗಿನಿಂದ ಮಾತು ನಿಲ್ಲಿಸದವರು ಅಂದು ‘ಹೂಂ’ ಎಂಬುದರ ಆಚೆ ಏನೂ ಹೇಳಲಿಲ್ಲ ಎಂದು ಗೀಚು ನಗುತ್ತಾರೆ. ಹೌದು, ಗೋಡೆಗೆ ಮುಖ ಮಾಡಿ ನಿಂತು ಕೇಳಿಸಿಕೊಂಡೆ ಎಂದು ಗಂಟಲು ಖಚಿತಪಡಿಸುತ್ತಾರೆ.

ಫೋನ್ ಇಟ್ಟ ಮೇಲೆ ಅಮ್ಮ ಎದ್ದು ಹೋಗಿ ಕೈ ತೊಳೆದುಕೊಂಡರು. ತುಂಬ ಹೊತ್ತು ತೊಳೆದರು. ಇನ್ನು ತಮ್ಮ ಕೈ ತೋರಿಸುತ್ತಾರೆ, ನೋಡು ಏನು ಮಾಡಿದ್ದೀಯ ಎನ್ನುತ್ತಾರೆ ಎಂದು ಗೀಚು ಕಾಯುತ್ತಿದ್ದರು. ಅಮ್ಮ ಬಂದವರು ಮಗಳ ಬಲಗೈಯನ್ನು ಎಳೆದುಕೊಂಡು, ತಿರುಗಿಸಿ, ಒಂದೊಂದೇ ಬೆರಳನ್ನು ಮಡಚಿ ಬಿಡಿಸಿ ನೋಡಿದರು.

‘ಎಷ್ಟು ವರ್ಷ ಶಾಪ ಹಾಕಿದೀನಿ ಕಣೇ. ಕೈ ಸೇದಿಹೋಗ ಅಂತ. ಹೇಳಬಾರದಿತ್ತಾ? ಯಾರ ಮೇಲೆ ಹಾಕ್ತಿದೀನಿ ಅಂತ ಗೊತ್ತಾಗಿದ್ರೆ ನಿಲ್ಲಿಸ್ತಿದ್ದೆ.’

ಏನೂ ಆಗಿಲ್ಲ ಅಮ್ಮ, ಕೈ ಚೆನ್ನಾಗೇ ಇದೆ ಎಂದು ಮಗಳು ಹೇಳಬೇಕಾಯಿತು. ಎಲ್ಲ ಬೆರಳೂ ಆಡುವುದನ್ನು ಕಣ್ಣಾರೆ ಕಂಡ ಮೇಲೆಯೇ ಅಮ್ಮ ಕೈ ಬಿಟ್ಟದ್ದು. ಶಾಪಗಳನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದಾಗಿ ವಾಪಸ್ ತೆಗೆದುಕೊಂಡರಂತೆ. ಷರಟಿನ ಮೇಲೆ ಬರೆಯುವ ಮಗಳ ಶಾಪವನ್ನು ಮಾತ್ರ ಇಟ್ಟುಕೊಂಡರು. ಅದು ಆಗಲೇ ನನಗೆ ತಟ್ಟಿದೆ, ನಿನಗೆ ಬೇಕಾಗಿಲ್ಲ ಎಂದರಂತೆ. ಅಷ್ಟು ಹೊತ್ತಿಗೆ ಇಬ್ಬರಿಗೂ ನಗು ಬಂದಿತ್ತು. ಆ ರಾತ್ರಿ ತಾನು ಸತ್ತವಳಂತೆ ಮಲಗಿದೆ, ಗೋಡೆಗೆ ಹೋಗುವ ಹೊತ್ತು ಮೀರಿದರೂ ಎಚ್ಚರವಾಗಲಿಲ್ಲ, ಗ್ಯಾರೇಜಿನ ಯಜಮಾನರು ಫೋನ್ ಮಾಡಿ ಹುಷಾರಾಗಿದ್ದೀರಾ ಎಂದು ಕೇಳಿದರು ಎನ್ನುತ್ತಾರೆ ಗೀಚು. ಮುಖ ಹಗುರವಾಗಿದೆ. ಮಾತೂ ಹಿಂದಿನ ಭೇಟಿಗಿಂತ ಹೆಚ್ಚಾಗಿದೆ.

ಎರಡನೆಯ ಭೇಟಿ ಅವರ ಮನೆಯಲ್ಲಿ. ತಾಯಿ ಎತ್ತರದ ಹೆಂಗಸು, ನೇರ ಬೆನ್ನು. ಬೆರಳ ಗೆಣ್ಣುಗಳ ಮೇಲಿನ ಚರ್ಮ ಕಾಗದದಂತೆ ಒಣಗಿ ಹೊಳೆಯುತ್ತದೆ. ಮಗಳ ಕೆಲಸ ಇಷ್ಟು ದಿನ ಅವರಿಗೆ ಬರೀ ಕಂಪ್ಯೂಟರ್ ಕೆಲಸ. ಈಗ ಒಂದು ಸಂದೇಹ ಉಳಿದಿದೆ, ಅದನ್ನು ಪತ್ರಿಕೆಯವರ ಎದುರೇ ಕೇಳುತ್ತಾರೆ: ‘ಅಷ್ಟು ದಿನ ಉಜ್ಜಿದೆನಲ್ಲ, ಒಂದು ಸಲಾನೂ ಓದೋಕೆ ಬರಲಿಲ್ಲ. ಏನು ಅಂತ ಬರೆದಿದ್ದೆ ಅದು?’

‘ಗೀಚು ಅಂತ.’

‘ಅಷ್ಟೇನಾ?’ ಅಮ್ಮ ಮಗಳ ಮುಖವನ್ನೇ ನೋಡುತ್ತಾರೆ. ‘ಅಷ್ಟಕ್ಕೆ ಅಷ್ಟುದ್ದ ಬೋಗಿ ಬೇಕಿತ್ತಾ?’

ಅಂದಿನ ಬರಹಗಳ ಒಂದಾದರೂ ಚಿತ್ರ ಸಿಗಬಹುದೇ ಎಂದು ವಿಚಾರಿಸಿದಾಗ ಗೀಚು ಇಲ್ಲವೆನ್ನುತ್ತಾರೆ. ಅವರ ಬಳಿ ಆಗ ಕ್ಯಾಮೆರಾ ಇರಲಿಲ್ಲ. ಹಳೆಯ ಬೋಗಿಗಳನ್ನು ಸೇವೆಯಿಂದ ತೆಗೆದು ನಿಲ್ಲಿಸಿರುವ ಕಡೆಗೂ ಒಮ್ಮೆ ಹೋಗಿ ಹುಡುಕಿದ್ದಾರೆ. ಯಾವುದರ ಮೇಲೂ ಒಂದು ಗೆರೆಯಿಲ್ಲ, ನೆರಳಿಲ್ಲ.

ಅಮ್ಮ ಇದನ್ನು ಗಮನವಿಟ್ಟು ಕೇಳುತ್ತಾರೆ. ಮಡಿಲಲ್ಲಿದ್ದ ಕೈಗಳನ್ನು ತೆಗೆದು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳುತ್ತಾರೆ.

‘ಬರೆದವಳು ಇವಳು ಅಂತ ಹಾಕ್ತೀರಲ್ಲ, ಹಾಕಿ. ತೊಳೆದವಳು ನಾನು ಅಂತಲೂ ಹಾಕಿ’ ಎನ್ನುತ್ತಾರೆ. ‘ಒಂದೂ ಉಳಿಸಿಲ್ಲ.’